ಕಟ್ ಇಲ್ಲದ ಒಂಬತ್ತು ತಿಂಗಳು!

ನಮ್ಮ ಸಿನಿಮಾದಲ್ಲಿ ನಾಯಕಿ ಬಸುರಿ ಅಂತ ಗೊತ್ತಾಗೋದು ಹೇಗೆ, ಹೇಳಿ ನೋಡೋಣ? ನೀವು ನೂರು ಸಲ ನೋಡಿದ್ದೀರಿ. ಊಟ ಬಡಿಸ್ತಿದ್ದವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಬಚ್ಚಲಿಗೆ ಓಡ್ತಾಳೆ. ಇಲ್ಲಾ, ದೇವರ ಮನೆಯಲ್ಲಿ ಆರತಿ ತಟ್ಟೆ ಹಿಡಿದವಳು ತಲೆ ಸುತ್ತಿ ಬೀಳ್ತಾಳೆ. ಡಾಕ್ಟರು ಬರ್ತಾರೆ, ನಾಡಿ ಹಿಡೀತಾರೆ, ಕನ್ನಡಕ ತೆಗೀತಾರೆ. ‘ಗಾಬರಿ ಪಡೋಂಥಾದ್ದು ಏನೂ ಇಲ್ಲ, ಸಿಹಿ ಸುದ್ದಿ!’ ಅಷ್ಟೇ. ಅಜ್ಜಿ ದೃಷ್ಟಿ ತೆಗೀತಾಳೆ, ನಾಯಕ ನಾಚ್ಕೋತಾನೆ, ಒಂದು ಹಾಡು. ಎರಡನೇ ಚರಣಕ್ಕೆ ಹೊಟ್ಟೆ ದಪ್ಪ, ಮೂರನೇ ಚರಣಕ್ಕೆ ತೊಟ್ಟಿಲು! ಒಂಬತ್ತು ತಿಂಗಳು ನಾಲ್ಕೂವರೆ ನಿಮಿಷದಲ್ಲಿ ಮುಗೀತು.

ಬಸಿರು ಹೋಗೋದಾದ್ರೂ ಅಷ್ಟೇ ಸಲೀಸು. ಮಹಡಿ ಮೆಟ್ಟಿಲು, ಯಾರೋ ಚೆಲ್ಲಿದ ಎಣ್ಣೆ, ಖಳನಾಯಕಿಯ ಓರೆ ನಗು.... ನಾಯಕಿ ಉರುಳ್ತಾಳೆ. ಮುಂದಿನ ಷಾಟ್‌ನಲ್ಲಿ ಡಾಕ್ಟರು ತಲೆ ಅಲ್ಲಾಡಿಸ್ತಾರೆ. ಕಟ್! ಅದಾದ ಮೇಲೆ ಆ ಹೆಣ್ಣು ಇನ್ನೊಂದು ಸಲ ಬಸುರಿಯಾದರೆ ಆ ಮನೆಯಲ್ಲಿ ಏನು ನಡೀತದೆ, ಅವಳು ರಾತ್ರಿ ಹೇಗೆ ಮಲಗ್ತಾಳೆ, ಅವನು ಬೆಳಿಗ್ಗೆ ಯಾವ ಮುಖ ಹೊತ್ತು ಕೆಲಸಕ್ಕೆ ಹೋಗ್ತಾನೆ? ಇದನ್ನ ನಾನು ನೋಡಿದ ಯಾವ ಪಿಕ್ಚರ್‌ನಲ್ಲೂ ತೋರಿಸಿದ್ದಿಲ್ಲ. ನಾನು ನೋಡಿರೋದು ಕಮ್ಮಿಯೇನಲ್ಲ ಸ್ವಾಮಿ!

ಸಿನಿಮಾ ಪತ್ರಿಕೆಯಲ್ಲಿ ಇದೆಂಥಾ ಹೆಂಗಸರ ವಿಷಯ ಅಂತ ಹಾಳೆ ಮಗುಚಬೇಡಿ. ಬಸ್ಸು ಹೊರಡೋದಕ್ಕೆ ಇನ್ನೂ ಹೊತ್ತಿದೆ, ಕಂಡಕ್ಟರು ಟೀ ಕುಡೀತಿದ್ದಾನೆ. ಮತ್ತೆ, ನಾನೂ ನಿಮ್ಮವನೇ. ತಿಪಟೂರು ಸೀಮೆಯ ಒಂದು ಹಳೇ ಚಿತ್ರಮಂದಿರದಲ್ಲಿ ಆಪರೇಟರ್. ನೀವು ಕೆಳಗೆ ಸಿಳ್ಳೆ ಹೊಡೀತಾ ಪೇಪರ್ ಹರಿದು ಎಸೀತಿರ್ತೀರಲ್ಲ, ಆಗ ನಿಮ್ಮ ತಲೆ ಹಿಂದಿನ ಸಣ್ಣ ಕಿಂಡಿಯಿಂದ ಬೆಳಕು ಬಿಡೋನು ನಾನು. ವಯಸ್ಸು 31. ಮದುವೆಯಾಗಿ ಎರಡೂವರೆ ವರ್ಷ. ನನ್ನಾಕೆ ಮನೆಯಲ್ಲೇ ರವಿಕೆ ಹೊಲೀತಾಳೆ, ಸೀರೆಗೆ ಫಾಲ್ಸ್ ಹಾಕ್ತಾಳೆ. ಹಬ್ಬದ ಸೀಸನ್ನಿನಲ್ಲಿ ನನಗಿಂತ ಅವಳ ಗಲ್ಲಾಪೆಟ್ಟಿಗೆ ಕಲೆಕ್ಷನ್ನೇ ಜೋರು!

ಕಳೆದ ವರ್ಷ ಆಷಾಢದಲ್ಲಿ ಮೊದಲನೆಯದು ನಿಲ್ಲಲಿಲ್ಲ. ಹತ್ತು ವಾರವಾಗಿತ್ತು. ಬಿದ್ದಿರಲಿಲ್ಲ, ನೋವಿರಲಿಲ್ಲ, ಒಂದು ಹನಿ ರಕ್ತ ಕಂಡಿರಲಿಲ್ಲ. ಮಾಮೂಲಿ ಸ್ಕ್ಯಾನಿಗೆ ಅಂತ ಹೋದೆವು. ಆ ಸೆಂಟರಿನಾತ, ಊರು ಬೇಡ, ಹೆಸರು ಬೇಡ, ಎರಡು ನಿಮಿಷ ಹೊಟ್ಟೆ ಮೇಲೆ ಆಡಿಸಿ ‘ಹಾರ್ಟ್‌ಬೀಟ್ ಇಲ್ಲ. ಡಾಕ್ಟರ ಹತ್ರ ತೋರಿಸಿ’ ಅಂದು ಬಾಗಿಲ ಕಡೆ ಮುಖ ಮಾಡಿ ಮುಂದಿನವರ ನಂಬರ್ ಕೂಗಿದ. ಇವಳು ಇನ್ನೂ ಮಂಚದ ಮೇಲೇ ಇದ್ದಳು.

ಮನೆಗೆ ಬಂದ ಮೇಲೆ ಶುರುವಾಯ್ತು ನೋಡಿ ತನಿಖೆ! ಪತ್ತೇದಾರಿ ಚಿತ್ರ ಸೋಲಬೇಕು. ಒಬ್ಬರು ‘ಹೊಲಿಗೆ ಮಿಷನ್ ತುಳಿದಿದ್ದಕ್ಕೇ’ ಅಂದರು. ಇನ್ನೊಬ್ಬರು ‘ಅರಸೀಕೆರೆಗೆ ಬಸ್ಸಲ್ಲಿ ಹೋಗಿದ್ದಳಲ್ಲ, ಕುಲುಕಾಟಕ್ಕೆ’ ಅಂದರು. ತೆಂಗಿನಕಾಯಿ ಮೂಟೆ ಸರಿಸಿದ್ದು ಒಬ್ಬರಿಗೆ ನೆನಪಾಯ್ತು, ಬಿಸಿ ನೀರು ಸ್ನಾನ ಇನ್ನೊಬ್ಬರಿಗೆ. ಎಲ್ಲರೂ ಪಾಪ ಸಮಾಧಾನ ಮಾಡೋದಕ್ಕೇ ಬಂದವರು. ಸಮಾಧಾನ ಮಾಡಿ ಹೋದ ಮೇಲೆ ಇವಳು ಮಿಷನ್ನಿಗೆ ಒಂದು ಬೆಡ್‌ಷೀಟು ಹೊದಿಸಿದಳು. ಎರಡು ತಿಂಗಳು ತೆಗೀಲಿಲ್ಲ.

ಆ ಬೆಡ್‌ಷೀಟು ತೆಗೆಸಿದ್ದು ಸರ್ಕಾರಿ ಆಸ್ಪತ್ರೆಯ ಲೇಡಿ ಡಾಕ್ಟರು. ಎದುರಿಗೆ ಕೂರಿಸಿಕೊಂಡು, ಹೊರಗೆ ಅಷ್ಟುದ್ದ ಕ್ಯೂ ಇದ್ದರೂ, ಬಿಡಿಸಿ ಹೇಳಿದರು. ಬಸಿರು ಅಂತ ಗೊತ್ತಾದ 100ರಲ್ಲಿ 10ರಿಂದ 20 ಹೀಗೇ ನಿಲ್ಲದೆ ಹೋಗ್ತವೆ, ಬಹುಪಾಲು ಮೊದಲ ಮೂರು ತಿಂಗಳಲ್ಲೇ. ಹಾಗೆ ಹೋಗೋದರಲ್ಲಿ ಹೆಚ್ಚುಕಮ್ಮಿ ಅರ್ಧಕ್ಕೆ ಕಾರಣ, ಅಪ್ಪ ಅಮ್ಮನ ಅಂಶ ಕೂಡೋ ಹೊತ್ತಿನಲ್ಲೇ ವರ್ಣತಂತುಗಳ ಲೆಕ್ಕ ತಪ್ಪಿರೋದು. ಮಿಷನ್ ತುಳಿದರೆ ಆ ಲೆಕ್ಕ ತಪ್ಪೋದಿಲ್ಲ, ಮಂಚದ ಮೇಲೆ ಮಲಗಿದ್ದರೆ ಸರಿಹೋಗೋದೂ ಇಲ್ಲ. ನನ್ನ ಭಾಷೆಯಲ್ಲಿ ಹೇಳೋದಾದರೆ, ಪ್ರಿಂಟು ಲ್ಯಾಬಿನಿಂದಲೇ ಹಾಗೆ ಬಂದಿತ್ತು ಸ್ವಾಮಿ, ಓಡಿಸಿದ ಪ್ರೊಜೆಕ್ಟರಿನ ತಪ್ಪಲ್ಲ! ‘ನಿಜವಾಗಿ ನೋಡ್ಕೋಬೇಕಾದ್ದು ಶುಗರ್ರು, ಥೈರಾಯಿಡ್ಡು. ಆಮೇಲೆ ನಿಮ್ಮ ಯಜಮಾನ್ರು ಬೀಡಿ ಸಿಗರೇಟು ಸೇದಿದ್ರೆ ಆ ಹೊಗೆ’ ಅಂದು ನನ್ನ ಕಡೆ ನೋಡಿದರು. ನಾನು ಸೇದೋನಲ್ಲ. ಆದರೂ ಎದೆ ಡವಗುಟ್ಟಿತು. ಒಂದು ಸಲ ಹೀಗಾದವರಲ್ಲಿ ಬಹಳಷ್ಟು ಜನಕ್ಕೆ ಮುಂದಿನ ಸಲ ಚೆನ್ನಾಗೇ ಆಗ್ತದೆ ಅಂತಲೂ ಹೇಳಿದರು.

ಇವಳು ಮಾತಾಡದೆ ಕೇಳಿದಳು. ಮನೆಗೆ ಬಂದು ಬೆಡ್‌ಷೀಟು ಒಗೆಯೋದಕ್ಕೆ ಹಾಕಿದಳು.

ಸಂಕ್ರಾಂತಿ ಮುಗಿದ ಎರಡನೇ ದಿನ ಬೆಳಿಗ್ಗೆ ಪಟ್ಟಿಯಲ್ಲಿ ಎರಡು ಗೆರೆ ಬಂತು. ಸಿನಿಮಾ ಆಗಿದ್ದರೆ ನಾನು ಅವಳನ್ನ ಎತ್ತಿಕೊಂಡು ಗಿರಗಿರ ತಿರುಗಿಸಬೇಕಿತ್ತು! ‘ಬಂದಿದೆ ರೀ’ ಅಂದಳು. ‘ಹೂಂ’ ಅಂದೆ. ಇಬ್ಬರೂ ಅಡುಗೆಮನೆ ಹೊಸ್ತಿಲ ಮೇಲೆ ಕೂತೆವು. ಹಾಲು ಉಕ್ಕಿ ಒಲೆ ಮೇಲೆ ಹರೀತಿತ್ತು, ಇಬ್ಬರಲ್ಲಿ ಯಾರೂ ಏಳಲಿಲ್ಲ.

ಒಂದು ಮಗುವನ್ನ ಕಳಕೊಂಡ ಮೇಲೆ ಬರೋ ಬಸಿರು ಹೇಗಿರ್ತದೆ ಅಂತ ಕೇಳ್ತೀರಾ? ಸಂತೋಷ ಇರ್ತದೆ, ಆದರೆ ಸಂತೋಷ ಪಡೋದಕ್ಕೆ ಧೈರ್ಯ ಇರೋದಿಲ್ಲ. ಬಚ್ಚಲಿಗೆ ಹೋದಾಗೆಲ್ಲ ಅವಳು ದೀಪ ಹಾಕಿ ನೋಡೋಳು, ರಕ್ತ ಏನಾದ್ರೂ ಇದೆಯಾ ಅಂತ. ರಾತ್ರಿ ಮೂರು ಗಂಟೆಗೂ ಸ್ವಿಚ್ಚಿನ ಸದ್ದು. ನಾನು ಕಣ್ಣು ಮುಚ್ಚಿಕೊಂಡು, ಅವಳ ಹೆಜ್ಜೆ ಮಾಮೂಲಿ ಹೆಜ್ಜೆಯಾ ಅಂತ ಕಿವಿಗೊಟ್ಟು ಮಲಗಿರ್ತಿದ್ದೆ. ಬೇರೆ ಹೆಂಗಸರಿಗೆ ವಾಂತಿ ಬಂದರೆ ಸಂಕಟ, ಇವಳಿಗೆ ವಾಂತಿ ಬಂದರೆ ನೆಮ್ಮದಿ! ಒಂದು ದಿನ ಬೆಳಿಗ್ಗೆ ಎರಡು ಇಡ್ಲಿ ಹಾಯಾಗಿ ತಿಂದಳು, ವಾಂತಿ ಆಗಲಿಲ್ಲ. ಅದಕ್ಕೆ ಅತ್ತಳು.

ನನ್ನದು ಇನ್ನೊಂದು ಫಜೀತಿ. ಪ್ರೊಜೆಕ್ಟರ್ ರೂಮಿನಲ್ಲಿ ಫೋನು ಗುಂಯ್ ಅಂದರೆ ಸಾಕು, ಕೈಕಾಲು ತಣ್ಣಗೆ. ಡಿಸ್ಟ್ರಿಬ್ಯೂಟರ್ ಕಡೆಯವರೋ, ಪೋಸ್ಟರ್ ಅಂಟಿಸೋ ಹುಡುಗನೋ, ಯಾವ ಬ್ಯಾಂಕಿನವನೋ, ಯಾರೇ ಮಾಡಲಿ, ಎತ್ತೋವರೆಗೂ ಮನೆಯದೇ ಅನ್ನಿಸೋದು. ಕೊನೆಗೆ ನಾವಿಬ್ಬರೂ ಒಂದು ಒಪ್ಪಂದ ಮಾಡಿಕೊಂಡೆವು. ಪ್ರತಿ ಆಟದ ಇಂಟರ್ವಲ್‌ಗೆ ಅವಳು ಒಂದು ಮಿಸ್ಡ್ ಕಾಲ್ ಕೊಡಬೇಕು. ಒಂದೇ ರಿಂಗು. ಅಂದರೆ ಎಲ್ಲಾ ಸರಿ. ರಿಂಗು ನಿಲ್ಲದೆ ಹೋದರೆ ಮಾತ್ರ ನಾನು ಎತ್ತಬೇಕು. ನೀವು ಕೆಳಗೆ ಪಾಪ್‌ಕಾರ್ನಿಗೆ ನುಗ್ತಿರ್ತೀರಿ, ನಾನು ಮೇಲೆ ಆ ಒಂದು ರಿಂಗಿಗೆ ಕಾಯ್ತಿರ್ತೀನಿ. ನಗಬೇಡಿ! ದಿನಕ್ಕೆ ನಾಲ್ಕು ಆಟ, ನಾಲ್ಕು ರಿಂಗು. ಅದರ ಮಧ್ಯೆ ನಾನು ಮನುಷ್ಯನ ಹಾಗೆ ಕೆಲಸ ಮಾಡಿದೆ.

ನಮ್ಮ ಚಿತ್ರಮಂದಿರದ ಹಳೇ ಆಪರೇಟರ್ ತಾತ ಇದ್ದಾರೆ, ಕಾರ್ಬನ್ ಕಡ್ಡಿ ಉರಿಸಿ ಬೆಳಕು ಮಾಡಿದ ಕಾಲದವರು. ಈಗಿನ ನನ್ನ ಕೆಲಸ ಅವರಿಗೆ ತಮಾಷೆ. ಈಗ ಪಿಕ್ಚರು ಡಬ್ಬದಲ್ಲಿ ಬರೋದಿಲ್ಲ, ಸರ್ವರಿನಲ್ಲಿ ಕೂತಿರ್ತದೆ. ಆದರೆ ‘ಕೀ’ ಅಂತ ಒಂದು ಬರಬೇಕು. ಅದು ಬರೋವರೆಗೂ ಪಿಕ್ಚರು ಎದುರಿಗಿದ್ದರೂ ಒಂದು ಫ್ರೇಮು ಅಲ್ಲಾಡೋದಿಲ್ಲ. ಸ್ಟಾರ್ ಚಿತ್ರದ ಬಿಡುಗಡೆ ದಿನ ಹೊರಗೆ ತಮಟೆ, ಹಾಲಿನ ಅಭಿಷೇಕ, ಒಳಗೆ ನಾನು ಕಂಪ್ಯೂಟರ್ ಮುಂದೆ ಉಗುರು ಕಚ್ಚುತ್ತಾ! ಸ್ಕ್ಯಾನಿನ ಹಿಂದಿನ ರಾತ್ರಿ ನಮ್ಮ ಮನೆ ಹಾಗೇ ಇರೋದು. ಮಗು ಅಲ್ಲೇ ಇದೆ, ಒಂದು ಗೇಣು ದೂರದಲ್ಲಿ. ಆದರೆ ಹೇಗಿದೆ ಅಂತ ಯಾರೂ ಹೇಳೋ ಹಾಗಿಲ್ಲ.

ತಾತನಿಗೆ ಇದನ್ನ ಹೇಳಿದೆ. ಅವರು ಉಪದೇಶ ಮಾಡೋ ಪೈಕಿ ಅಲ್ಲ. ತಮ್ಮ ಕಾಲದ ಲೆಕ್ಕ ಹೇಳಿದರು. ಸಾವಿರ ಅಡಿಯ ಒಂದು ರೀಲು ಅಂದರೆ 11 ನಿಮಿಷ. ಒಂದು ಚಿತ್ರಕ್ಕೆ ಹದಿನಾಲ್ಕೋ ಹದಿನಾರೋ ರೀಲು. ಎರಡು ಮಿಷನ್ನು. ಇದರಲ್ಲಿ ಒಂದು ಓಡ್ತಿರುವಾಗ ಅದರಲ್ಲಿ ಮುಂದಿನದನ್ನ ಏರಿಸಬೇಕು. ‘ಪೂರ್ತಿ ಪಿಕ್ಚರ್ ಓಡಿಸ್ತೀನಿ ಅಂತ ನಾನು ಯಾವತ್ತೂ ಅಂದ್ಕೊಳ್ಲಿಲ್ಲ ಕಣೋ, ಅಂದ್ಕೊಂಡಿದ್ರೆ ಕೈ ನಡುಗ್ತಿತ್ತು’ ಅಂದರು.

ರಾತ್ರಿ ಊಟಕ್ಕೆ ಕೂತಾಗ ಇದನ್ನ ಮನೆಯಲ್ಲಿ ಹೇಳಿದೆ. ಅವಳು ಎದ್ದು ಹೋಗಿ, ಬಟ್ಟೆಗೆ ಗುರುತು ಹಾಕೋ ಸೀಮೆಸುಣ್ಣ ತಂದು ಮಿಷನ್ನಿನ ಮರದ ಹಲಗೆ ಮೇಲೆ ಆರು ಗೀಟು ಎಳೆದಳು. ಆರು ವಾರ ಆಗಿತ್ತು. ‘ವಾರಕ್ಕೊಂದು ರೀಲು’ ಅಂದಳು. ಒಟ್ಟು 40. ಭಾರೀ ಬಜೆಟ್ಟಿನ ಚಿತ್ರ!

ಎಂಟನೇ ಗೀಟಿನ ವಾರ, ಸೆಕೆಂಡ್ ಷೋ. ರಿಂಗು ನಿಲ್ಲಲಿಲ್ಲ. ಎತ್ತಿದೆ. ‘ರೀ, ಸ್ವಲ್ಪ ಕಾಣಿಸ್ಕೊಂಡಿದೆ’ ಅಂದಳು. ಮಿಷನ್ನನ್ನು ಸಹಾಯಕ ಹುಡುಗನಿಗೆ ಬಿಟ್ಟು ಓಡಿದೆ. ಆಟೋದಲ್ಲಿ ಇಬ್ಬರೂ ಮಾತಾಡಲಿಲ್ಲ. ಆಟೋದವನು ಮುಂದಿನ ಗಾಜಿಗೆ ಅಣ್ಣಾವ್ರ ಫೋಟೋ ಹಾಕಿದ್ದ. ನಾನು ಅದನ್ನೇ ನೋಡ್ತಾ ಕೂತೆ, ಕೈ ಮುಗಿಯೋದಕ್ಕೂ ತೋಚಲಿಲ್ಲ. ರಾತ್ರಿ ಡ್ಯೂಟಿಯಲ್ಲಿ ಅದೇ ಲೇಡಿ ಡಾಕ್ಟರು. ಸ್ಕ್ಯಾನಿನ ಪರದೆಯನ್ನ ಈ ಸಲ ಇವಳ ಕಡೆಗೇ ತಿರುಗಿಸಿದರು. ಕಪ್ಪು ಬಿಳುಪು. ಮಧ್ಯದಲ್ಲಿ ಹುರುಳಿಕಾಳಿಗಿಂತ ಸ್ವಲ್ಪ ದೊಡ್ಡದು ಏನೋ, ಅದರೊಳಗೆ ಮಿಣಕ್ ಮಿಣಕ್ ಅಂತ ಒಂದು ಚುಕ್ಕೆ. ನಿಮಿಷಕ್ಕೆ 160ರ ಆಸುಪಾಸು ಹೊಡ್ಕೋತಿದೆ ಅಂದರು. ಹತ್ತು ವರ್ಷದಿಂದ ಪರದೆ ಮೇಲೆ ಬೆಳಕು ಬಿಡ್ತಿದ್ದೀನಿ ಗೆಳೆಯರೇ, ಎಂತೆಂಥಾ ಸ್ಟಾರುಗಳ ಎಂಟ್ರಿ ನೋಡಿದ್ದೀನಿ. ಈ ಎಂಟ್ರಿಗೆ ಸಿಳ್ಳೆ ಹೊಡೆಯೋಕೆ ಬಾಯಿ ಒಣಗಿಹೋಗಿತ್ತು.

ಮೊದಲ ಮೂರು ತಿಂಗಳಲ್ಲಿ ಹೆಚ್ಚುಕಮ್ಮಿ ನಾಲ್ವರಲ್ಲಿ ಒಬ್ಬರಿಗೆ ಹೀಗೆ ಸ್ವಲ್ಪ ಕಾಣಿಸಿಕೊಳ್ತದಂತೆ, ಅದರಲ್ಲಿ ಬಹಳಷ್ಟು ಬಸಿರು ನಿಂತುಕೊಳ್ತವೆ. ಹಾಗಂತ ಮನೆಯಲ್ಲೇ ಕೂರೋ ಹಾಗಿಲ್ಲ. ರಕ್ತ ಕಂಡರೆ ತೋರಿಸಲೇಬೇಕು, ಜಾಸ್ತಿ ಹೋದರೆ, ಹೊಟ್ಟೆ ಹಿಂಡಿದ ಹಾಗೆ ನೋವು ಬಂದರೆ, ಜ್ವರ ಬಂದರೆ ಒಂದು ನಿಮಿಷವೂ ತಡ ಮಾಡಬಾರದು.

ಆ ರಾತ್ರಿ ಇವಳು ಇನ್ನೊಂದು ಪ್ರಶ್ನೆ ಕೇಳಿದಳು. ‘ಡಾಕ್ಟ್ರೇ, ನಾನು ತುಂಬಾ ಹೆದರ್ಕೋತೀನಿ. ಹೆದರಿದ್ರೆ ಮಗೂಗೆ ಆಗಲ್ಲ, ಸಂತೋಷವಾಗಿರು ಅಂತಾರೆ ಎಲ್ಲಾರೂ. ನನ್ನ ಹೆದರಿಕೆಯಿಂದಾನೇ ಏನಾದ್ರೂ....’ ನೋಡಿ, ಇದು ಹೇಗೆ ಭಯದ ಮೇಲೆ ಭಯ ಹೇರ್ತದೆ! ಹೆದರೋದಕ್ಕೂ ಹೆದರಬೇಕು. ಡಾಕ್ಟರು ‘ಹೆದರಿದ್ದಕ್ಕೇ ಗರ್ಭ ಹೋಗಲ್ಲಮ್ಮ. ಒಂದ್ಸಲ ಕಳ್ಕೊಂಡಿದೀಯ, ಹೆದರದೆ ಇದ್ದಿದ್ರೇ ಆಶ್ಚರ್ಯ’ ಅಂದರು. ಆದರೆ ನಿದ್ದೆ ಇಲ್ಲ, ಊಟ ಸೇರೋದಿಲ್ಲ, ಯಾವ ಕೆಲಸಕ್ಕೂ ಮನಸ್ಸಿಲ್ಲ ಅಂತ ಎರಡು ವಾರಕ್ಕೂ ಮೇಲೆ ನಡೆದರೆ ಅದಕ್ಕೂ ಔಷಧಿ ಉಪಚಾರ ಇದೆ, ಸುಮ್ಮನೆ ಸಹಿಸಬೇಡಿ ಅಂದು 14416 ಅಂತ ಚೀಟಿಯಲ್ಲಿ ಬರೆದುಕೊಟ್ಟರು. ಟೆಲಿ ಮಾನಸ್ ಅಂತ, 2022ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಶುರು ಮಾಡಿದ್ದು. ದುಡ್ಡಿಲ್ಲ, ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಇದರ ಬೆನ್ನಿಗಿದೆ.

ಚೀಟಿ ಹತ್ತು ದಿನ ಸಕ್ಕರೆ ಡಬ್ಬಿ ಕೆಳಗಿತ್ತು. ಒಂದು ಮಧ್ಯಾಹ್ನ ಅವಳೇ ಮಾಡಿದಳು. ಆ ಕಡೆಯ ಹೆಣ್ಣುಮಗಳು ಬುದ್ಧಿ ಹೇಳಲಿಲ್ಲವಂತೆ, ಮೊದಲು ಪೂರ್ತಿ ಕೇಳಿದಳಂತೆ. ಆಮೇಲೆ ಎರಡು ಉಪಾಯ ಹೇಳಿದಳು. ಸಂಜೆ ಅರ್ಧ ಗಂಟೆ ಭಯಕ್ಕೆ ಅಂತಲೇ ಎತ್ತಿಡೋದು, ಮಿಕ್ಕ ಹೊತ್ತಿನಲ್ಲಿ ಭಯ ಬಂದರೆ ‘ಆರೂವರೆಗೆ ಬಾ’ ಅಂತ ಕಳಿಸೋದು. ಮತ್ತೆ, ರಾತ್ರಿ ಮಲಗಿಕೊಂಡು ಫೋನಿನಲ್ಲಿ ಹುಡುಕಾಡೋದನ್ನ ನಿಲ್ಲಿಸೋದು. ಈ ಎರಡನೆಯದು ಕಷ್ಟವಾಯ್ತು. ಮಗುವಿನ ಎದೆಬಡಿತ ಮನೆಯಲ್ಲೇ ಕೇಳೋ ಮಿಷನ್ನು ಆನ್‌ಲೈನಿನಲ್ಲಿ ಸಿಗ್ತದೆ ಅಂತ ಅವಳು ಕಂಡುಹಿಡಿದಿದ್ದಳು! ಡಾಕ್ಟರು ಬೇಡವೇ ಬೇಡ ಅಂದರು. ಗೊತ್ತಿಲ್ಲದವರ ಕೈಯಲ್ಲಿ ಅದು ತಾಯಿಯ ನಾಡಿಯನ್ನೇ ಮಗುವಿನದು ಅಂತ ಕೇಳಿಸಿ ಸುಳ್ಳು ಧೈರ್ಯ ಕೊಡ್ತದೆ, ಇಲ್ಲಾ ಎಲ್ಲೂ ಸಿಗದೆ ಪ್ರಾಣ ತೆಗೀತದೆ. ಆರೂವರೆ ಗಂಟೆಯ ಉಪಾಯ ಮಾತ್ರ ಹಿಡೀತು. ನನ್ನ ಫಸ್ಟ್ ಷೋ ಶುರುವಾಗೋ ಹೊತ್ತಿಗೆ ಮನೆಯಲ್ಲಿ ಅವಳ ಷೋ ಶುರು.

ಹತ್ತನೇ ರೀಲು ಶಿವರಾತ್ರಿಗೆ ಬಂತು. ಮೊದಲನೆಯದು ಹೋದ ವಾರ ಅದೇ. ಅವತ್ತು ನಮ್ಮಲ್ಲಿ ರಾತ್ರಿಯಿಡೀ ಆಟ. ಊರೆಲ್ಲ ಜಾಗರಣೆ, ನಾವಿಬ್ಬರೂ ಜಾಗರಣೆ. ಹನ್ನೊಂದನೇ ಗೀಟು ಎಳೆದ ದಿನ ಅವಳು ಎರಡು ರವಿಕೆ ಹೊಲಿದಳು.

ಈ ಮಧ್ಯೆ ಆಶಾ ಕಾರ್ಯಕರ್ತೆ ತಾಯಿ ಕಾರ್ಡು ತಂದಿದ್ದರು. ಬರೀತಾ ‘ಎಷ್ಟನೇ ಬಸಿರು?’ ಅಂದರು. ಒಳಗಿನಿಂದ ನಮ್ಮಮ್ಮ ‘ಮೊದಲ್ನೇದು’ ಅಂದರು. ಇವಳು ಮೆಲ್ಲಗೆ ‘ಎರಡು’ ಅಂದಳು. ಆಮೇಲೆ ಆಸ್ಪತ್ರೆಯಲ್ಲಿ ಕಾರ್ಡಿನ ಮೇಲೆ ಇಂಗ್ಲಿಷಿನಲ್ಲಿ ‘ಜಿ 2, ಎ 1’ ಅಂತ ಬರೆದರು. ಜಿ ಅಂದರೆ ಒಟ್ಟು ಬಸಿರು, ಎ ಅಂದರೆ ಹೋದದ್ದು. ಬಸ್ಸಿನಲ್ಲಿ ಬರುವಾಗ ಅವಳು ಆ ‘ಎ 1’ ಮೇಲೆ ಬೆರಳಾಡಿಸ್ತಿದ್ದಳು. ಮೂರು ತಿಂಗಳು ತುಂಬೋವರೆಗೂ ಯಾರಿಗೂ ಹೇಳಬಾರದು ಅಂತ ನಮ್ಮಲ್ಲಿ ಪದ್ಧತಿ. ಹಾಗಾಗಿ ಮೂರು ತಿಂಗಳೊಳಗೆ ಹೋದದ್ದು ಯಾರಿಗೂ ಬಂದಿರಲೇ ಇಲ್ಲದ ಹಾಗೆ. ಪೋಸ್ಟರ್ ಇಲ್ಲ, ಬಿಡುಗಡೆ ಇಲ್ಲ, ಟೈಟಲ್ ಕಾರ್ಡ್ ಇಲ್ಲ. ಆ ಮಗುವಿನ ಹೆಸರಿಗೆ ಪ್ರಪಂಚದಲ್ಲಿ ಇರೋ ದಾಖಲೆ ಅಂದರೆ ಆ ಒಂದು ಅಕ್ಷರ, ಒಂದು ಅಂಕಿ.

ನಮ್ಮ ಸರ್ಕಾರ ಇದನ್ನ ಲೆಕ್ಕಕ್ಕೆ ಹಿಡಿದದ್ದು 1961ರಷ್ಟು ಹಿಂದೆಯೇ ಅಂತ ನನಗೆ ಆಮೇಲೆ ಗೊತ್ತಾಯ್ತು. ಆ ವರ್ಷದ ಹೆರಿಗೆ ಸೌಲಭ್ಯ ಕಾಯ್ದೆಯಲ್ಲಿ ಗರ್ಭ ಹೋದ ಹೆಣ್ಣಿಗೆ ಸಂಬಳ ಸಹಿತ ಆರು ವಾರ ರಜೆ ಬರೆದಿದ್ದಾರೆ. 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಅದು ಉಳಿದಿದೆ. ನಿಮ್ಮ ಅಕ್ಕನೋ ತಂಗಿಯೋ ಹೆಂಡತಿಯೋ ಗಾರ್ಮೆಂಟ್ಸಿಗೆ ಹೋಗೋರಿದ್ದರೆ ಈ ಸಾಲು ತೋರಿಸಿ. ಮನೆಯಲ್ಲಿ ರವಿಕೆ ಹೊಲಿಯೋಳಿಗೆ ಯಾರು ಕೊಡ್ತಾರೆ, ಬಿಡಿ.

ತಾರೆಯರ ವಿಷಯಕ್ಕೆ ಬರೋಣ, ಇಲ್ಲದಿದ್ದರೆ ಸಂಪಾದಕರು ಬಯ್ಯುತ್ತಾರೆ! ನಮ್ಮ ಮಂಗಳೂರಿನಲ್ಲಿ ಹುಟ್ಟಿದ ಶಿಲ್ಪಾ ಶೆಟ್ಟಿ ಗೊತ್ತಲ್ಲ? 1998ರ ‘ಪ್ರೀತ್ಸೋದ್ ತಪ್ಪಾ’ದಲ್ಲಿ ರವಿಚಂದ್ರನ್ ಜೊತೆ ಕುಣಿದವರು, 2005ರ ‘ಆಟೋ ಶಂಕರ್’ನಲ್ಲಿ ಉಪೇಂದ್ರರನ್ನ ಗೋಳು ಹೊಯ್ದುಕೊಂಡವರು. ಎರಡನೇ ಮಗುವಿಗಾಗಿ ಪ್ರಯತ್ನ ಪಟ್ಟಾಗ ತಮಗೆ ಒಂದಕ್ಕಿಂತ ಹೆಚ್ಚು ಸಲ ಗರ್ಭಪಾತವಾಯ್ತು, ರಕ್ತ ಹೆಪ್ಪುಗಟ್ಟಿಸೋ ಎಪಿಎಲ್ಎ ಅನ್ನೋ ತೊಂದರೆ ಇತ್ತು ಅಂತ 2020ರಲ್ಲಿ ಅವರೇ ಬಾಯಿಬಿಟ್ಟು ಹೇಳಿದರು. ಆ ವರ್ಷದ ಫೆಬ್ರವರಿಯಲ್ಲಿ ಬಾಡಿಗೆ ತಾಯಿಯ ಮೂಲಕ ಅವರಿಗೆ ಮಗಳು ಹುಟ್ಟಿದಳು. ಹೀಗೆ ಮತ್ತೆ ಮತ್ತೆ ಆದರೆ ಆ ತೊಂದರೆ ಇದೆಯಾ ಅಂತ ರಕ್ತ ಪರೀಕ್ಷೆ ಮಾಡ್ತಾರೆ, ಇದ್ದರೆ ಔಷಧಿಯೂ ಉಂಟು. ಹಿಂದಿಯ ಕಾಜೋಲ್ ಕೂಡ ಹೇಳಿಕೊಂಡಿದ್ದಾರೆ. 2001ರ ಡಿಸೆಂಬರಿನಲ್ಲಿ ‘ಕಭಿ ಖುಷಿ ಕಭಿ ಗಮ್’ ಬಿಡುಗಡೆಯಾಗಿ ದೇಶವೆಲ್ಲ ಸಂಭ್ರಮಿಸ್ತಿದ್ದಾಗ ಅವರು ಮಗುವನ್ನ ಕಳಕೊಂಡು ಆಸ್ಪತ್ರೆಯಲ್ಲಿದ್ದರಂತೆ. ಹೌಸ್‌ಫುಲ್ ಬೋರ್ಡಿನ ಹಿಂದೆ ಇಂಥಾದ್ದಿರ್ತದೆ ಅಂತ ಟಿಕೆಟ್ ಹರಿಯೋ ನಮಗೆ ಹೇಗೆ ಗೊತ್ತಾಗಬೇಕು!

ಒಂದು ಭಾನುವಾರ ಟೀವಿಯಲ್ಲಿ ‘ಶರಪಂಜರ’ ಬಂತು. ಚಿತ್ರ ಪುಟ್ಟಣ್ಣನವರದು, ತ್ರಿವೇಣಿಯವರ ಕಾದಂಬರಿ. ಬಾಣಂತನದಲ್ಲಿ ಮನಸ್ಸು ಕೆಟ್ಟು ಆಸ್ಪತ್ರೆ ಸೇರೋ ಕಾವೇರಿಯಾಗಿ ಕಲ್ಪನಾ. ಹೊಟ್ಟೆ ಹೊತ್ತವಳು ನೋಡೋ ಪಿಕ್ಚರಾ ಇದು ಅಂತ ನಾನು ರಿಮೋಟಿಗೆ ಕೈ ಹಾಕಿದೆ. ‘ಇರ್ಲಿ ಬಿಡ್ರೀ’ ಅಂದಳು. ಪೂರ್ತಿ ನೋಡಿದಳು. ಕಾವೇರಿ ಗುಣವಾಗಿ ಮನೆಗೆ ಬರ್ತಾಳೆ, ಯಾರೂ ಅವಳನ್ನ ಮೊದಲಿನ ಹಾಗೆ ನೋಡೋದಿಲ್ಲ, ಮಾತಾಡಿದರೂ ಸಂಶಯ, ನಕ್ಕರೂ ಸಂಶಯ. ಮುಗಿದ ಮೇಲೆ ಇವಳು ಸೂಜಿಗೆ ದಾರ ಪೋಣಿಸ್ತಾ ‘ಅವಳಿಗೆ ವಾಸಿಯಾಗಿತ್ತು ರೀ. ಮನೆಯವ್ರಿಗೆ ವಾಸಿಯಾಗಿರ್ಲಿಲ್ಲ’ ಅಂದಳು. ಎಂಥ ವಿಮರ್ಶಕರೂ ಒಂದು ಸಾಲಿನಲ್ಲಿ ಹೀಗೆ ಬರೀಲಾರರು ಅಂತ ನನ್ನ ಅಭಿಪ್ರಾಯ. ತ್ರಿವೇಣಿಯವರು ಮನಶ್ಶಾಸ್ತ್ರ ಓದಿದ್ದವರು. 1963ರಲ್ಲಿ, ಇನ್ನೂ 35 ತುಂಬೋ ಮೊದಲೇ, ಹೆರಿಗೆಯಾದ ಕೆಲವೇ ದಿನಕ್ಕೆ ತೀರಿಕೊಂಡರು. ಚಿತ್ರವನ್ನ ಅವರು ನೋಡಲಿಲ್ಲ. ಇದನ್ನ ಮಾತ್ರ ಅವತ್ತು ನಾನು ಇವಳಿಗೆ ಹೇಳಲಿಲ್ಲ.

ಸೀಮಂತದ ಹೊತ್ತಿಗೆ ಮನೆಯಲ್ಲಿ ಸಣ್ಣ ಯುದ್ಧ. ಅಮ್ಮನಿಗೆ ಛತ್ರ ಹಿಡಿದು, ಫೋಟೋಗ್ರಾಫರ್ ಕರೆಸಿ ಮಾಡೋ ಆಸೆ. ಇವಳು ‘ಬೇಡ ಅತ್ತೆ’ ಅನ್ನೋದು ಬಿಟ್ಟು ಬೇರೆ ಮಾತೇ ಆಡಲಿಲ್ಲ. ‘ಶಾಸ್ತ್ರ ಬೇಡ ಅನ್ಬಾರ್ದು ಕಣಮ್ಮ, ಏನ್ ಹೆದ್ರಿಕೆ ನಿಂಗೆ?’ ಅಂತ ಅಮ್ಮ ಗದರಿದರು. ಇವಳು ತಲೆ ಎತ್ತದೆ ‘ಎಲ್ಲಾರ್ನೂ ಕರೆದು, ಆಮೇಲೆ ಏನಾದ್ರೂ ಆದ್ರೆ, ಎಲ್ಲಾರ್ಗೂ ಹೇಳ್ಬೇಕಲ್ಲ ಅತ್ತೆ’ ಅಂದಳು.

ಅಮ್ಮ ಬಹಳ ಹೊತ್ತು ಸುಮ್ಮನಿದ್ದರು. ಅಕ್ಕಿ ಆರಿಸ್ತಿದ್ದ ಮೊರ ಕೆಳಗಿಟ್ಟರು. ‘ಇವನಿಗಿಂತ ಮುಂಚೆ ನಂಗೂ ಎರಡು ಹೋಗಿತ್ತು’ ಅಂದರು.

ನಾನು ಅಲ್ಲೇ ಬಾಗಿಲಲ್ಲಿ ನಿಂತಿದ್ದೆ. 31 ವರ್ಷ ಆ ಮನೆಯಲ್ಲಿ ಬೆಳೆದ ಮಗ, ನನಗೆ ಗೊತ್ತಿಲ್ಲ. ನಮ್ಮಪ್ಪ ಒಂದು ದಿನ ಆಡಲಿಲ್ಲ. ‘ನಮ್ಮತ್ತೆ, ನೀನು ಒನಕೆ ದಾಟಿದೆ ಅದಕ್ಕೇ ಅಂದ್ರು. ನಾನೂ ಹೌದು ಅಂತಾನೇ ಅಂದ್ಕೊಂಡಿದ್ದೆ. ಇವತ್ತಿಗೂ ಒನಕೆ ಕಂಡ್ರೆ ಸುತ್ತಿ ಹೋಗ್ತೀನಿ’ ಅಂದರು. ಇವಳು ಡಾಕ್ಟರು ಹೇಳಿದ್ದ ಆ ಲೆಕ್ಕವನ್ನೆಲ್ಲ ಅಮ್ಮನಿಗೆ ಹೇಳಿದಳು, 100ಕ್ಕೆ 10ರಿಂದ 20, ಅದರಲ್ಲಿ ಅರ್ಧ. ಅಮ್ಮ ಬಾಯಿ ತೆರೆದು ಕೇಳಿದರು. ‘ಹಂಗಾರೆ ಒನಕೆ ಅಲ್ವಾ?’ ಅಂದರು. ‘ಅಲ್ಲ ಅತ್ತೆ.’ ‘ಮಿಷನ್ನೂ ಅಲ್ಲ’ ಅಂತ ಅಮ್ಮನೇ ಸೇರಿಸಿದರು. ಮಿಷನ್ನಿನ ಮಾತು ಮೊದಲು ಎತ್ತಿದ್ದವರಲ್ಲಿ ಅವರೂ ಒಬ್ಬರು!

ಛತ್ರ ರದ್ದಾಯ್ತು. ಬಳೆಗಾರರು ಮನೆಗೇ ಬಂದು ಹಸಿರು ಗಾಜಿನ ಬಳೆ ತೊಡಿಸಿದರು, ಅಕ್ಕಪಕ್ಕದ ಐದು ಜನ ಮುತ್ತೈದೆಯರು, ಹೋಳಿಗೆ ಊಟ. ಫೋಟೋ ಇಲ್ಲ.

ಈಗ ಶ್ರಾವಣ. ಮಿಷನ್ನಿನ ಹಲಗೆ ಮೇಲೆ 33 ಗೀಟು. ಭಯ ಹೋಯ್ತಾ ಅಂದರೆ ಹೋಗಿಲ್ಲ, ಜಾಗ ಬದಲಾಯಿಸಿದೆ. ಈಗ ಅದು ಒದೆತದಲ್ಲಿ ಕೂತಿದೆ. ರಾತ್ರಿ ಊಟವಾದ ಮೇಲೆ ಅವಳು ಎಡಮಗ್ಗುಲಿಗೆ ಮಲಗಿ ಮಗು ಆಡೋದನ್ನ ಎಣಿಸ್ತಾಳೆ. ಎರಡು ಗಂಟೆಯೊಳಗೆ ಹತ್ತು ಸಲ ಸಿಗಬೇಕು, ನಮ್ಮದು ಸಾಮಾನ್ಯವಾಗಿ ಅರ್ಧ ಗಂಟೆಯಲ್ಲೇ ಮುಗಿಸ್ತದೆ. ದಿನಾ ಆಡೋದಕ್ಕಿಂತ ಕಮ್ಮಿ ಅನ್ನಿಸಿದರೆ ಬೆಳಗಾಗಲಿ ಅಂತ ಕಾಯದೆ ಆಗಲೇ ಹೊರಟು ಬನ್ನಿ ಅಂದಿದ್ದಾರೆ ಡಾಕ್ಟರು. ಆಟೋದವನ ನಂಬರು ಗೋಡೆ ಮೇಲಿದೆ. ತೊಟ್ಟಿಲು ಇನ್ನೂ ತಂದಿಲ್ಲ. ಅಟ್ಟದ ಮೇಲೆ ನನ್ನದೇ ಹಳೆಯದಿದೆ, ಅಮ್ಮ ಯಾರಿಗೂ ಹೇಳದೆ ಅದರ ಧೂಳು ಒರೆಸಿದ್ದನ್ನ ನಾನು ನೋಡಿದ್ದೀನಿ.

ಟೀ ಅಂಗಡಿಯ ಗೆಳೆಯರು ‘ಏನ್ ಗುರು, ಹೀರೋನಾ ಹೀರೋಯಿನ್ನಾ?’ ಅಂತಾರೆ. ಅದನ್ನ ಕೇಳೋದೂ ತಪ್ಪು, ಹೇಳೋದೂ ತಪ್ಪು, 1994ರ ಕಾಯ್ದೆ ಬೋರ್ಡು ಪ್ರತಿ ಸ್ಕ್ಯಾನ್ ಸೆಂಟರಿನಲ್ಲೂ ಇದೆ. ನನಗಂತೂ ಆ ಪ್ರಶ್ನೆ ಒಂದು ದಿನ ತಲೆಗೆ ಬಂದಿದ್ದಿಲ್ಲ.

ಮೊನ್ನೆ ಶುಕ್ರವಾರ ಹೊಸ ಪಿಕ್ಚರು, ಸೆಕೆಂಡ್ ಷೋ ಹೌಸ್‌ಫುಲ್. ಇಂಟರ್ವಲ್‌ಗೆ ಒಂದು ರಿಂಗು ಬಂತು, ಸರಿ. ಅದಾಗಿ ಮುಕ್ಕಾಲು ಗಂಟೆಗೆ ಫೋನು ಮತ್ತೆ ಹೊಡ್ಕೊಳ್ತು. ನಿಲ್ಲಲಿಲ್ಲ. ಎತ್ತಿ ಕಿವಿಗಿಟ್ಟುಕೊಂಡೆ, ನನ್ನ ಗಂಟಲಿನಿಂದ ಸ್ವರ ಹೊರಡಲಿಲ್ಲ.

‘ರೀ, ಹತ್ತಾಯ್ತು. ಇನ್ನೂ ಒದೀತಾನೇ ಇದೆ’ ಅಂದಳು. ‘ಅದೇನ್ರೀ ಅಲ್ಲಿ ಸದ್ದು?’

‘ಕ್ಲೈಮ್ಯಾಕ್ಸ್ ಫೈಟು.’

‘ಸ್ವಲ್ಪ ಜೋರಾಗಿ ಕೇಳ್ಸಿ. ನಾನು ಫೋನ್ ಹೊಟ್ಟೆ ಮೇಲೆ ಇಟ್ಕೋತೀನಿ.’

ಮಾನಿಟರ್ ಸ್ಪೀಕರಿನ ವಾಲ್ಯೂಮ್ ಏರಿಸಿ ಫೋನು ಅದಕ್ಕೆ ಹಿಡಿದು ನಿಂತೆ. ಕಿಂಡಿಯಾಚೆ ನಾಯಕ ಹದಿನೈದು ಜನರನ್ನ ಒಬ್ಬನೇ ಎತ್ತಿ ಎತ್ತಿ ಒಗೀತಿದ್ದ, ಜನ ಕುರ್ಚಿ ಮೇಲೆ ನಿಂತು ಕಿರುಚ್ತಿದ್ದರು. ಆ ಕಡೆಯಿಂದ ಅವಳು ಎಣಿಸ್ತಿದ್ದಳು. ಹನ್ನೊಂದು.... ಹನ್ನೆರಡು.... ಅಯ್ಯಯ್ಯೋ, ಹದಿಮೂರು!